ಡಬ್ಬಣ್ಣನ ಬದಲಿ

ಕೈಬೆರಳು ಮುರಿದುಕೊಳ್ಳುವುದಕ್ಕೂ ಒಂದು ಮರ್ಯಾದೆ ಬೇಕು. ವೇದಿಕೆಯ ಮೇಲೆ, ಎರಡು ಸಾವಿರ ಜನರ ಎದುರು, ಕೊನೆಯ ಹಾಡಿನ ಕೊನೆಯ ಪೆಟ್ಟಿಗೆ ಮುರಿದಿದ್ದರೆ ಹೇಳಿಕೊಳ್ಳುವುದಕ್ಕಾದರೂ ಆಗುತ್ತಿತ್ತು. ನಮ್ಮ ಡಬ್ಬಣ್ಣನ ಬಲಗೈಯ ಎರಡು ಬೆರಳು ಮುರಿದದ್ದು ಪೆಟ್ರೋಲ್ ಬಂಕಿನಲ್ಲಿ, ಬೆಳಗಿನ ಹತ್ತು ಗಂಟೆಗೆ, ಬಸ್ಸಿನ ಡಿಕ್ಕಿಯ ಬಾಗಿಲಿಗೆ ಸಿಕ್ಕಿ. ಸಾಮಾನು ತುಂಬುವಷ್ಟು ಹೊತ್ತೂ ಸುಮ್ಮನೆ ನಿಲ್ಲಲಾರದೆ ಬಾಗಿಲಿನ ಅಂಚಿನ ಮೇಲೆ ತಾಳ ಹಾಕುತ್ತಿದ್ದ. ಡ್ರೈವರು ನೋಡದೆ ಬಾಗಿಲು ಎಳೆದ. ತಾಳ ನಿಂತಿತು, ಕೂಗು ಶುರುವಾಯಿತು.

ಸುಮ್ಮನಿರುವುದು ಅವನ ಜಾತಕದಲ್ಲೇ ಇರಲಿಲ್ಲ. ಚಿಕ್ಕಂದಿನಲ್ಲಿ ಮನೆಯ ಡಬ್ಬಗಳನ್ನೆಲ್ಲ ಕವುಚಿ ಬಡಿಯುತ್ತಿದ್ದನೆಂದು ಸೋದರತ್ತೆ ಇಟ್ಟ ಹೆಸರು ಡಬ್ಬಣ್ಣ. "ಇವನು ಬಡಿದೇ ಬದುಕ್ತಾನೆ, ನೋಡ್ತಾ ಇರಿ" ಎಂದು ಆಕೆ ಬೈದದ್ದು. ಬೈಗುಳವೇ ಹರಕೆಯಾಗಿ ಫಲಿಸಿತು. ಹದಿನೆಂಟು ವರ್ಷದ ಹಿಂದೆ ಪ್ರವಾಸಿ ಹಡಗೊಂದರ ವಾದ್ಯತಂಡದಲ್ಲಿ ಡ್ರಮ್ಸ್ ಬಾರಿಸುವ ಕೆಲಸ ಹಿಡಿದು ಪರದೇಶಕ್ಕೆ ಹೋದವನು, ಊಟ ಮಾಡುವವರ ಕೈಯ ಚಮಚ ಅಲುಗದಷ್ಟು ಮೆತ್ತಗೆ ಬಾರಿಸುವುದನ್ನು ಕಲಿತ. ಆಮೇಲೆ ನೆಲಕ್ಕಿಳಿದು ಸ್ಟುಡಿಯೋಗಳಲ್ಲಿ ದುಡಿದ. ಗಾಜಿನ ಗೂಡಿನಲ್ಲಿ ಕೂತು, ಯಾರದೋ ಹಾಡಿಗೆ, ಹಲ್ಲುಪುಡಿಯ ಜಾಹೀರಾತಿಗೆ, ವಿಮಾ ಕಂಪನಿಯ ಫೋನಿನಲ್ಲಿ ಕಾಯುವವರಿಗೆ ಕೇಳಿಸುವ ಸಂಗೀತಕ್ಕೆ ಬಾರಿಸಿದ. ಆ ದೇಶದಲ್ಲಿ ರೇಡಿಯೋ ತಿರುಗಿಸಿದರೆ ದಿನಕ್ಕೆ ನಾಲ್ಕು ಸಲವಾದರೂ ಅವನ ಕೈ ಕೇಳಿಸುತ್ತಿತ್ತು. ಹೆಸರು ಮಾತ್ರ ಎಲ್ಲೂ ಇರಲಿಲ್ಲ. "ನಮ್ಮನೆಯವರು ತುಂಬಾ ಫೇಮಸ್ಸು, ಯಾರಿಗೂ ಗೊತ್ತಿಲ್ಲ ಅಷ್ಟೆ" ಎಂದು ಹೆಂಡತಿ ಹೇಳುತ್ತಿದ್ದಳು.

ಕೊನೆಗೂ ಒಂದು ಗಟ್ಟಿ ಜಾಗ ಸಿಕ್ಕಿದ್ದು ಆರು ವರ್ಷದ ಹಿಂದೆ. ಹೆಸರಾಂತ ಗಾಯಕಿಯೊಬ್ಬಳ ತಂಡದಲ್ಲಿ ಡ್ರಮ್ಸ್ ಹಿಂದಿನ ದುಂಡನೆಯ ಸ್ಟೂಲು. ವರ್ಷಕ್ಕೆ ಐದು ತಿಂಗಳು ಬಸ್ಸಿನಲ್ಲಿ ಊರೂರು ತಿರುಗಾಟ. ನೋಡುವುದಕ್ಕೆ ಮುಕ್ಕಾಲು ಮೊಳದ ಸ್ಟೂಲು. ಆದರೆ ಪರದೇಶದಲ್ಲಿ ಆ ಸ್ಟೂಲಿಗಾಗಿ ಬಾಯಿಬಿಟ್ಟುಕೊಂಡು ನಿಂತವರ ಸಾಲು ರೇಷನ್ ಅಂಗಡಿಯ ಸಾಲಿಗಿಂತ ಉದ್ದ.

ಆ ತಂಡದ್ದು ಒಂದು ವಿಚಿತ್ರ. ಈಗೆಲ್ಲ ವಾದ್ಯಗಾರರು ಕಿವಿಯಲ್ಲಿ ಯಂತ್ರದ ಟಿಕ್ ಟಿಕ್ ಕೇಳುತ್ತ ಬಾರಿಸುತ್ತಾರೆ. ಗಾಯಕಿಗೆ ಅದು ಆಗದು. "ಗಡಿಯಾರದ ಜೊತೆ ಹಾಡೋಕೆ ನಾನೇನು ಅಲಾರಮ್ಮಾ?" ಎಂದು ಕೇಳುತ್ತಿದ್ದಳು. ಹಾಗಾಗಿ ಎಲ್ಲರೂ ಡಬ್ಬಣ್ಣನ ಕೈ ನೋಡಿಕೊಂಡೇ ನಡೆಯಬೇಕು. ಅದರ ಮೇಲೆ ಕೀಬೋರ್ಡಿನ ಹಿಂದೆ ಕೂತು ತಂಡ ನಡೆಸುವ ಹೆಡ್‌ಮಾಸ್ತರು. ಅದು ಡಬ್ಬಣ್ಣ ಇಟ್ಟ ಹೆಸರು. ಕನ್ನಡಕದ ಮೇಲಿಂದ ನೋಡುವ ಆ ಮನುಷ್ಯನಿಗೆ ಬೇರೆ ಹೆಸರು ಒಪ್ಪುವುದೂ ಇಲ್ಲ. ಅವರು ಎರಡು ದಿನಕ್ಕೊಮ್ಮೆ ಹಾಡುಗಳನ್ನು ಅಲ್ಲಿ ಎಳೆದು ಇಲ್ಲಿ ಮೊಟಕಿ ಬದಲಾಯಿಸುತ್ತಿದ್ದರು. ಅಚ್ಚಾದ ಸ್ವರದ ಹಾಳೆಗಳು ಯಾವತ್ತೋ ಉಪ್ಪಿನಕಾಯಿ ಸುತ್ತುವುದಕ್ಕೂ ಲಾಯಕ್ಕಿಲ್ಲದಂತಾಗಿದ್ದವು. ಇಪ್ಪತ್ತೆರಡು ಹಾಡುಗಳ ಈಗಿನ ರೂಪ ಇದ್ದದ್ದು ಒಂದೇ ಕಡೆ, ಡಬ್ಬಣ್ಣನ ನೋಟ್‌ಬುಕ್ಕಿನಲ್ಲಿ. ಅದೂ ಕನ್ನಡದಲ್ಲಿ, ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರದಲ್ಲಿ.

ಬೆರಳಿಗೆ ಪ್ಲಾಸ್ಟರು ಬಿತ್ತು. ಐದು ವಾರ ಬಡಿಯುವಂತಿಲ್ಲ ಎಂದರು ಡಾಕ್ಟರು. ತಿರುಗಾಟ ಮುಗಿಯಲು ಇನ್ನು ಮೂರು ವಾರ. ಮುಂದಿನ ಕಾರ್ಯಕ್ರಮ ಡಬ್ಬಣ್ಣನ ಮನೆಯಿರುವ ಊರಿನಲ್ಲೇ, ಭಾನುವಾರ ಮಧ್ಯಾಹ್ನ ಮೂರಕ್ಕೆ. ಮುಂದಿನ ವರ್ಷಕ್ಕೆ ಯಾರು ಯಾರು ಎಂದು ಹೆಡ್‌ಮಾಸ್ತರು ತೀರ್ಮಾನಿಸುವುದೂ ಆ ಕಾರ್ಯಕ್ರಮ ಮುಗಿದ ಮೇಲೆಯೇ.

ಈ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ. ಹುಷಾರಿಲ್ಲದವನು ತನ್ನ ಬದಲಿಯನ್ನು ತಾನೇ ಹುಡುಕಿ ಕಳಿಸಬೇಕು. ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಕಟ್ಟುಪಾಡೂ ಇದೆ: ಕಳಿಸುವವನು ನಿನಗಿಂತ ಒಂದು ಗುಲಗಂಜಿಯಷ್ಟು ಕಡಿಮೆ ಇರಲಿ. ತೀರಾ ದಡ್ಡನನ್ನು ಕಳಿಸಿದರೆ ಕಾರ್ಯಕ್ರಮ ಕೆಟ್ಟು ನಿನ್ನ ಹೆಸರು ಹೋಗುತ್ತದೆ. ಜಾಣನನ್ನು ಕಳಿಸಿದರೆ ನಿನ್ನ ಸ್ಟೂಲೇ ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಡಬ್ಬಣ್ಣ ಎಡಗೈಯಲ್ಲಿ ಫೋನು ಹಿಡಿದು ಒಂದು ಸಂಜೆಯೆಲ್ಲ ಯೋಚಿಸಿ ಆರಿಸಿದ್ದು ಕಡ್ಡಿ ಪೈಲ್ವಾನನನ್ನು.

ಕಡ್ಡಿ ಪೈಲ್ವಾನ ಆ ದೇಶದವನೇ. ಆರೂಕಾಲು ಅಡಿ ಎತ್ತರ, ಕೊಡೆಯ ಕಡ್ಡಿಯಷ್ಟು ದಪ್ಪ, ದೇವರಂಥ ಮನುಷ್ಯ. ಕೈಯೇನೋ ಒಳ್ಳೆಯದು. ಜ್ಞಾಪಕಶಕ್ತಿ ಮಾತ್ರ ಜರಡಿ. ಒಮ್ಮೆ ಬೇರೊಂದು ತಂಡದಲ್ಲಿ ಹಾಡು ಮುಗಿದದ್ದು ಮರೆತು ಒಬ್ಬನೇ ಒಂದು ನಿಮಿಷ ಬಾರಿಸಿದ್ದನಂತೆ. ಇಪ್ಪತ್ತೆರಡು ಹಾಡು ಎರಡು ದಿನದಲ್ಲಿ ಅವನ ತಲೆಗೆ ಹತ್ತುವುದಿಲ್ಲ, ಕನ್ನಡ ಅವನಪ್ಪನಿಗೂ ಓದಲು ಬರುವುದಿಲ್ಲ. ಅಲ್ಲಲ್ಲಿ ಎಡವುತ್ತಾನೆ, ಬೀಳುವುದಿಲ್ಲ. ಡಬ್ಬಣ್ಣನಿಗೆ ತನ್ನ ಜಾಣತನದ ಮೇಲೆ ತನಗೇ ಪ್ರೀತಿ ಉಕ್ಕಿತು.

ತಾನೊಂದು ಬಗೆದರೆ ದೈವವೊಂದು ಬಗೆಯಿತು, ಅದೂ ಕೈಹಿಡಿದವಳ ರೂಪದಲ್ಲಿ.

ಶುಕ್ರವಾರ ಕಡ್ಡಿ ಮನೆಗೆ ಬಂದ. ಊಟದ ಮೇಜಿನ ಮುಂದೆ ಮೊಣಕಾಲು ಎದೆಗೆ ತಾಗುವಂತೆ ಕೂತು, ನೋಟ್‌ಬುಕ್ಕನ್ನು ತಲೆಕೆಳಗಾಗಿ ಹಿಡಿದು, ಭಕ್ತಿಯಿಂದ ಪುಟ ತಿರುವತೊಡಗಿದ. ಡಬ್ಬಣ್ಣ ಸೋಫಾದ ಮೇಲೆ ಕಾಲು ಚಾಚಿ ನರಳುತ್ತಿದ್ದ.

"ಸ್ವಲ್ಪ ಓದಿ ಹೇಳಿದ್ರೆ..." ಎಂದ ಕಡ್ಡಿ. ಅವರ ಭಾಷೆಯಲ್ಲೇ ಅಂದದ್ದು, ನಾನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ.

"ಹೇಳ್ತಿದ್ದೆ ಮಾರಾಯ. ಈ ನೋವಿನ ಮಾತ್ರೆ ತಗೊಂಡಾಗಿಂದ ತಲೆ ಗಿರ್ ಅಂತಿದೆ. ಅಕ್ಷರ ಎಲ್ಲ ಓಡಾಡ್ತವೆ."

ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು: "ಆ ಮಾತ್ರೆಗೆ ತಲೆ ತಿರುಗಲ್ಲ ರೀ. ಕೊಟ್ಟಿದ್ದು ನಾನೇ."

ಅವಳು ಎರಡು ಬೀದಿ ಆಚೆಯ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟು. ದಿನಕ್ಕೆ ನೂರು ಡಾಕ್ಟರುಗಳ ಚೀಟಿ ಓದುವವಳು. ಗಂಡನ ಕಾಗೆ ಕಾಲು ಅವಳಿಗೆ ಯಾವ ಲೆಕ್ಕ? ಕೈ ಒರೆಸಿಕೊಂಡು ಬಂದು, ಕಡ್ಡಿಯ ಕೈಯಿಂದ ಪುಸ್ತಕ ತೆಗೆದು ಸರಿಯಾಗಿ ತಿರುಗಿಸಿ ಓದತೊಡಗಿದಳು. ಹನ್ನೊಂದು ವರ್ಷದ ದಾಂಪತ್ಯದಲ್ಲಿ ಆ ಪುಸ್ತಕ ಅವಳು ತೆರೆದದ್ದು ಅದೇ ಮೊದಲು. ಡಬ್ಬಣ್ಣನ ನರಳಾಟ ನಿಂತುಹೋಯಿತು. ಅದರಲ್ಲಿ ಏನೇನು ಬರೆದಿದ್ದೇನೆಂದು ಅವನಿಗೆ ಆಗ ನೆನಪಾಯಿತು.

"ಒಂದನೇ ಹಾಡು. ನಲ್ಲಿ ಹನಿ, ಎಂಟು ಸಲ. ಆಮೇಲೆ ಪಾತ್ರೆ ಬಿತ್ತು." ಅವಳು ಮೇಜಿನ ಮೇಲೆ ಬೆರಳಲ್ಲಿ ಟಕ್, ಟಕ್ ಎಂದು ತೋರಿಸಿ, ತಟ್ಟೆಯೊಂದನ್ನು ನೆಲಕ್ಕೆ ಬಿಟ್ಟಳು. ಕಡ್ಡಿಗೆ ಥಟ್ಟನೆ ಅರ್ಥವಾಯಿತು.

"ಎರಡನೇದು. ಮಾವನ ಗೊರಕೆ." ಅವಳ ಹುಬ್ಬು ಮೇಲೇರಿತು. "ನಾಲ್ಕು ಎಳೆತ, ಉಸಿರು ಹೋಯ್ತು ಅಂತ ಅನ್ನಿಸಬೇಕು, ಆಮೇಲೆ ಸ್ಫೋಟ. ಯಾರ ಮಾವ ರೀ? ನಿಮ್ಮ ಮಾವ ಅಂದ್ರೆ ನಮ್ಮಪ್ಪ ತಾನೆ?"

"ಸಂಗೀತದ ಪರಿಭಾಷೆ ಕಣೇ ಅದು."

"ಮೂರನೇದು. ಅತ್ತೆ ನಡಿಗೆ. ಎಡಗಾಲು ಧಡ್, ಬಲಗಾಲು ಎಳೆ, ಮಧ್ಯೆ ಒಂದು ಗೊಣಗಾಟ. ಇದೂ ಪರಿಭಾಷೆನಾ?"

ಡಬ್ಬಣ್ಣ ಕಣ್ಣು ಮುಚ್ಚಿಕೊಂಡ. ಆದರೆ ಅವಳು ಕೆಲಸದ ಹೆಂಗಸು. ಸಿಟ್ಟನ್ನು ಪಕ್ಕಕ್ಕಿಟ್ಟು, ಅಡುಗೆಮನೆಯಿಂದ ಬಾಗಿಲವರೆಗೆ ತನ್ನ ತಾಯಿಯ ಹಾಗೆಯೇ ನಡೆದು ತೋರಿಸಿದಳು. ಕಡ್ಡಿ ಎದ್ದು ಅವಳ ಹಿಂದೆಯೇ ನಡೆದ. ಆರೂಕಾಲು ಅಡಿಯ ಅತ್ತೆ ಮನೆಯೆಲ್ಲ ಓಡಾಡಿದರು. ನೋಡಿದ್ದನ್ನು ಅವನು ಮರೆಯುವುದಿಲ್ಲ ಎಂಬುದು ಆಗ ತಿಳಿಯಿತು. ಅವನು ಮರೆಯುತ್ತಿದ್ದದ್ದು ಬರೆದದ್ದನ್ನು ಮಾತ್ರ. ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಎರಡು ಡ್ರಮ್ಸ್ ಕೋಲು ಹಿಡಿದು ಅವನು ಅತ್ತೆಯ ನಡಿಗೆ ಬಾರಿಸಿದ್ದು ಕೇಳಿ ಡಬ್ಬಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ತಾನು ಆರು ವರ್ಷ ಬಾರಿಸಿದ್ದರಲ್ಲಿ ಆ ಗೊಣಗಾಟ ಇಷ್ಟು ಚೆನ್ನಾಗಿ ಬಂದಿರಲಿಲ್ಲ.

ಹದಿನಾಲ್ಕನೆಯ ಹಾಡಿಗೆ ಬಂದಾಗ ಶನಿವಾರ ಸಂಜೆ. ಜನ ದುಡ್ಡು ಕೊಟ್ಟು ಬರುವುದೇ ಆ ಹಾಡಿಗಾಗಿ. ಪುಟದ ತಲೆಯ ಮೇಲೆ ದಪ್ಪಗೆ ಬರೆದಿತ್ತು: ಇವಳ ಸಿಟ್ಟು. ಕೆಳಗೆ ವಿವರ. ಮೊದಲು ಮಾತಿಲ್ಲ. ಆಮೇಲೆ ಬೀರು ಬಾಗಿಲು. ಆಮೇಲೆ ಪಾತ್ರೆ ಒಂದೊಂದಾಗಿ. ಕೊನೆಗೆ ಇಡೀ ಮನೆ.

ಅವಳು ಓದಿದಳು. ಏನೂ ಅನ್ನಲಿಲ್ಲ. ಹೋಗಿ ಬೀರುವಿನ ಬಾಗಿಲು ಹಾಕಿದಳು. ಆಮೇಲೆ ಪಾತ್ರೆಗಳು ಒಂದೊಂದಾಗಿ. ಕಡ್ಡಿ ಎರಡೂ ಕಣ್ಣು ಅರಳಿಸಿ ಮೂಲಪ್ರತಿಯಿಂದಲೇ ಪಾಠ ಕಲಿತ. "ಇದರ ಮುಂದಿನದು ಮುಂದಿನ ಪುಟದಲ್ಲಿದೆ. ನಾಳೆ ಅಲ್ಲೇ ಓದ್ತೀನಿ, ಈಗ ನನಗಾಗಲ್ಲ" ಎಂದು ಪುಸ್ತಕ ಮುಚ್ಚಿದಳು. ಇನ್ನೂ ಎಂಟು ಹಾಡು ಬಾಕಿ ಎಂಬ ವಿಷಯ ತಿಳಿದ ಹೆಡ್‌ಮಾಸ್ತರು ಫೋನು ಮಾಡಿ, "ನೀವೇ ಅವನ ಹಿಂದೆ ಕೂತುಕೊಳ್ಳಿ ತಾಯಿ. ಭುಜ ತಟ್ಟಿ ತಟ್ಟಿ ಹೇಳಿ. ಕಪ್ಪು ಬಟ್ಟೆ ಹಾಕಿಕೊಂಡು ಬನ್ನಿ" ಎಂದರು.

ಭಾನುವಾರ ಬೆಳಿಗ್ಗೆ ಅವಳು ಕಪ್ಪು ಸೀರೆಗೆ ಇಸ್ತ್ರಿ ಹಾಕುತ್ತಿದ್ದಾಗ ಡಬ್ಬಣ್ಣ ಹತ್ತಿರ ಬಂದು ನಿಂತ. ಅವನಿಗೆ ನಲವತ್ತಾರು. ಈ ಸ್ಟೂಲು ಹೋದರೆ ಮತ್ತೆ ಹಲ್ಲುಪುಡಿ, ಮತ್ತೆ ಗಾಜಿನ ಗೂಡು. ಅವನು ನಿಜವಾಗಿಯೂ ಹೆದರಿದ್ದ.

"ಒಂದು ಮಾತು ಕೇಳ್ತೀಯಾ? ಎಲ್ಲ ಸರಿಯಾಗೇ ಓದು. ಒಂದೇ ಒಂದು ಕಡೆ, ಹದಿನಾಲ್ಕರಲ್ಲಿ, ತಟ್ಟೋದು ಸ್ವಲ್ಪ ತಡ ಮಾಡು. ಅಷ್ಟು ಸಾಕು."

ಇಸ್ತ್ರಿಪೆಟ್ಟಿಗೆ ನಿಂತಿತು. "ಏನಂದ್ರಿ?"

"ಅವನು ನನಗಿಂತ ಚೆನ್ನಾಗಿ ಬಾರಿಸ್ತಿದಾನೆ ಕಣೇ. ಹೆಡ್‌ಮಾಸ್ತರು ಕೇಳಿದ್ರೆ ನನ್ನ ಕಥೆ ಮುಗೀತು."

"ದಿನಕ್ಕೆ ನೂರು ಚೀಟಿ ಓದ್ತೀನಿ. ಒಂದಕ್ಷರ ತಪ್ಪಿ ಓದಿದ್ರೆ ಯಾರದೋ ಜೀವ ಹೋಗುತ್ತೆ. ನನ್ನ ಹತ್ರ ತಪ್ಪು ಓದು ಅಂತೀರಲ್ಲ?"

"ಇಲ್ಲಿ ಯಾರ ಜೀವಾನೂ ಹೋಗಲ್ವಲ್ಲ."

"ನಿಮ್ಮದು ಹೋಗ್ತಾ ಇದೆ. ಕಾಣ್ತಾ ಇದೆ ನನಗೆ." ಮತ್ತೆ ಇಸ್ತ್ರಿ ಉಜ್ಜತೊಡಗಿದಳು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಮೂರು ಗಂಟೆಗೆ ಡಬ್ಬಣ್ಣ ಮೂರನೆಯ ಸಾಲಿನಲ್ಲಿ, ಪ್ಲಾಸ್ಟರು ಹಾಕಿದ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಆರು ವರ್ಷ ಗಾಯಕಿಯ ಬೆನ್ನನ್ನೇ ನೋಡಿಕೊಂಡು ಬಂದವನು, ಅವಳ ಮುಖವನ್ನು ಹಾಡುವಾಗ ನೋಡಿದ್ದು ಅಂದೇ. ಪರವಾಗಿಲ್ಲ, ಲಕ್ಷಣವಾಗಿದ್ದಾಳೆ ಅನ್ನಿಸಿತು. ಹಿಂದೆ ಡ್ರಮ್ಸ್ ನಡುವೆ ಕಡ್ಡಿಯ ಉದ್ದ ತೋಳುಗಳು, ಅವನ ಭುಜದ ಪಕ್ಕದಲ್ಲಿ ಸಣ್ಣ ದೀಪದ ಬೆಳಕಲ್ಲಿ ಹೆಂಡತಿಯ ಮುಖ, ಮೂಗಿನ ತುದಿಗೆ ಇಳಿದ ಕನ್ನಡಕ. ನಲ್ಲಿ ಹನಿಯಿತು. ಮಾವ ಗೊರಕೆ ಹೊಡೆದರು. ಅತ್ತೆ ನಡೆದಾಗ ಮುಂದಿನ ಸಾಲಿನ ಮುದುಕರೊಬ್ಬರು ಕಾಲು ಕುಣಿಸಿದರು. ಪ್ರತಿ ಹಾಡಿಗೂ ಚಪ್ಪಾಳೆ, ಪ್ರತಿ ಚಪ್ಪಾಳೆಗೂ ಡಬ್ಬಣ್ಣ ಸೀಟಿನಲ್ಲಿ ಒಂದೊಂದು ಅಂಗುಲ ಕೆಳಗಿಳಿದ.

ಹದಿನಾಲ್ಕನೆಯದು ಶುರುವಾಯಿತು. ಮಾತಿಲ್ಲ. ಬೀರು ಬಾಗಿಲು. ಪಾತ್ರೆಗಳು. ಇಡೀ ಮನೆ ಏರಿ ಏರಿ, ಥಟ್ಟನೆ ಎಲ್ಲ ನಿಂತಿತು. ಆ ನಿಲುಗಡೆಯೇ ಹಾಡಿನ ಜೀವ. ಡ್ರಮ್ಸಿನ ಒಂದೇ ಒಂದು ಪೆಟ್ಟು ಬಿದ್ದ ಮೇಲೆ ಗಾಯಕಿ ಮತ್ತೆ ಎತ್ತಬೇಕು. ಹೆಂಡತಿ ಪುಟ ತಿರುವಿದಳು. ಕಡ್ಡಿ ಎರಡೂ ಕೈ ಎತ್ತಿ, ಭುಜದ ಮೇಲೆ ತಟ್ಟುವುದನ್ನೇ ಕಾಯುತ್ತ ಕೂತ.

ತಟ್ಟಲಿಲ್ಲ.

ಎರಡು ಕ್ಷಣ ಹೋಯಿತು, ಐದು ಹೋಯಿತು. ಮಾಡಿಬಿಟ್ಟಳು! ಡಬ್ಬಣ್ಣನ ಎದೆ ಹಿಗ್ಗಿತು. ಎಂಟು. ಗಾಯಕಿ ತೆರೆದ ಬಾಯಿ ತೆರೆದೇ ಹಿಂದೆ ತಿರುಗಿ ನೋಡಿದಳು. ಹತ್ತು. ಹೆಡ್‌ಮಾಸ್ತರ ಕನ್ನಡಕ ಮಿಂಚಿತು. ಯಾರೋ ಕೆಮ್ಮಿದರು. ಹಿಂದೆಲ್ಲೋ ಒಬ್ಬ, ಮುಗಿಯಿತೇನೋ ಎಂದು ಚಪ್ಪಾಳೆ ತಟ್ಟಿ ನಾಚಿಕೊಂಡು ನಿಲ್ಲಿಸಿದ. ಡಬ್ಬಣ್ಣ ಬೇಡಿಕೊಂಡದ್ದೆಲ್ಲ ಕಣ್ಣೆದುರೇ ನಡೆಯುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಹಿಗ್ಗೆಲ್ಲ ಇಳಿದು ಅವನಿಗೆ ಸಂಕಟ ಶುರುವಾಯಿತು. ಹಾಡು ಸಾಯುತ್ತಿತ್ತು. ತನ್ನ ಸ್ಟೂಲಿನ ಚಿಂತೆ ತಲೆಯಲ್ಲಿತ್ತು, ನಿಜ. ಆದರೆ ಕೈ ತಲೆಯ ಮಾತು ಯಾವತ್ತು ಕೇಳಿತ್ತು? ಡಬ್ಬಣ್ಣ ಎದ್ದು ನಿಂತು, ಪ್ಲಾಸ್ಟರು ಹಾಕಿದ ಬಲಗೈಯನ್ನೇ ಎತ್ತಿ, ಮುಂದಿನ ಸೀಟಿನ ಮರದ ಬೆನ್ನಿನ ಮೇಲೆ ಬೀಸಿ ಬಡಿದ.

ಧಣ್! ಮುಂದೆ ಕೂತಿದ್ದ ಮುದುಕರು ಹಾರಿದರು. ಕಡ್ಡಿಯ ಕೈ ತಾನಾಗಿ ಕೆಳಗೆ ಬಿತ್ತು. ಗಾಯಕಿ ಎತ್ತಿದಳು, ಇಡೀ ತಂಡ ಅವಳ ಹಿಂದೆ ನುಗ್ಗಿತು. ಜನ ಇದೂ ಕಾರ್ಯಕ್ರಮದ ಭಾಗವೆಂದೇ ತಿಳಿದು ಎದ್ದು ನಿಂತು ಕೂಗಿದರು. ಡಬ್ಬಣ್ಣ ನೋವಿಗೆ ಕಣ್ಣೀರು ಸುರಿಸುತ್ತ ಕೂತ.

ಮುಗಿದ ಮೇಲೆ ವೇದಿಕೆಯ ಹಿಂದಿನ ಓಣಿಯಲ್ಲಿ, ವಾದ್ಯದ ಪೆಟ್ಟಿಗೆಗಳ ನಡುವೆ, ಹೆಡ್‌ಮಾಸ್ತರು ಎಲ್ಲರನ್ನೂ ನಿಲ್ಲಿಸಿದರು. "ಹದಿನಾಲ್ಕರಲ್ಲಿ ಏನಾಯ್ತು?"

ಅವರು ಯಾರನ್ನೂ ನೋಡಿ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಡಬ್ಬಣ್ಣ ಮುಂದೆ ಬಂದ. ಹೆಂಡತಿಯ ಮೇಲೆ ಮಾತು ಬರುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. "ಅವಳ ತಪ್ಪಿಲ್ಲ ಸರ್. ತಡ ಮಾಡು ಅಂತ ನಾನೇ ಹೇಳಿಕೊಟ್ಟಿದ್ದೆ. ಇವನು ಚೆನ್ನಾಗಿ ಬಾರಿಸಿದ್ರೆ ನನ್ನ ಜಾಗ ಹೋಗುತ್ತೆ ಅಂತ."

ಹೆಂಡತಿ ಹಣೆ ಚಚ್ಚಿಕೊಂಡು ಕನ್ನಡದಲ್ಲಿ ಹೇಳಿದಳು: "ಅಯ್ಯೋ, ನೀವು ಹೇಳಿದ್ದಕ್ಕಲ್ಲ ರೀ! ನಿಮ್ಮ ಮಾತು ಯಾರು ಕೇಳ್ತಾರೆ? ಆ ಪುಟ ಓದ್ತಾ ನಿಂತುಬಿಟ್ಟೆ. ತಟ್ಟೋದು ಮರೆತೇಹೋಯ್ತು."

ಬಾಯಿ ಬಿಟ್ಟರೆ ಬಣ್ಣಗೇಡು. ಆದರೆ ಬಣ್ಣ ಹೋಗಿಯಾಗಿತ್ತು. ಹೆಡ್‌ಮಾಸ್ತರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಹಾಗಿದ್ರೆ ಮುಂದಿನ ವರ್ಷಕ್ಕೂ ಇವನೇ" ಎಂದು ಕಡ್ಡಿಯ ಕಡೆ ಬೆರಳು ಮಾಡಿದರು. "ಈ ಮೂರು ವಾರ ಇವರು ಓದಿ ಹೇಳ್ತಾರೆ. ತಾಯಿ, ಹದಿನಾಲ್ಕು ನಿಲ್ಲೋ ಕಡೆ ಪುಟದಲ್ಲಿ ಏನಿದೆ? ಎಷ್ಟು ಎಣಿಸಿ ಹೊಡೀಬೇಕು ಅಂತ ಇದೆ?"

ಹೆಂಡತಿ ಪುಸ್ತಕವನ್ನು ಎದೆಗವಚಿಕೊಂಡಳು. "ಉಳಿದ ಇಪ್ಪತ್ತೊಂದು ಹಾಡು ಓದ್ತೀನಿ. ಇದನ್ನ ಓದಲ್ಲ."

"ಯಾಕೆ?"

"ಅದು ಮನೆ ವಿಷಯ."

"ಎಣಿಕೆ ಎಷ್ಟು ಅಂತ ಆದ್ರೂ ಹೇಳಿ!"

"ಎಣಿಕೆ ಇಲ್ಲ ಸರ್" ಎಂದ ಡಬ್ಬಣ್ಣ, ನೆಲ ನೋಡುತ್ತ. "ದಿನಾ ಬೇರೆ ಬೇರೆ."

ಗಾಯಕಿ ಅಲ್ಲಿಯವರೆಗೂ ಗೋಡೆಗೊರಗಿ ನೀರು ಕುಡಿಯುತ್ತಿದ್ದಳು. "ನಿಜ. ಆರು ವರ್ಷದಲ್ಲಿ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರಲಿಲ್ಲ. ಅದಕ್ಕೇ ನನಗೆ ಆ ಹಾಡು ಬೇಜಾರಾಗಿಲ್ಲ. ಇವನಿಲ್ಲದೆ ನಾನು ಹದಿನಾಲ್ಕು ಹಾಡಲ್ಲ" ಎಂದು ಹೇಳಿ ಬಾಟಲಿಗೆ ಮುಚ್ಚಳ ಹಾಕಿದಳು.

ಕಡ್ಡಿ ತನ್ನ ಎತ್ತರದಿಂದ ಬಗ್ಗಿ, "ನಾನೂ ಈ ಅಮ್ಮ ಇಲ್ದೆ ಒಂದು ಹಾಡೂ ಬಾರಿಸಲಾರೆ. ಮುಂದಿನ ವರ್ಷಕ್ಕೆ ನನ್ನ ಬಿಟ್ಟುಬಿಡಿ" ಎಂದ. ಅಂಥ ಒಳ್ಳೆಯ ಮನುಷ್ಯನಿಗೆ ತಾನು ಗುಂಡಿ ತೋಡಿದ್ದೆನಲ್ಲ ಎಂದು ಡಬ್ಬಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿದರು. ಅವರು ಸೋತಾಗ ಮಾಡುವ ಕೆಲಸ ಅದೊಂದೇ. "ಬೆರಳು ಕೂಡೋವರೆಗೂ ನೀನು ವೇದಿಕೆ ಹತ್ತಬೇಡ, ನಿನ್ನ ಮುಖ ನನಗೆ ಬೇಡ. ಮೂರನೇ ಸಾಲಲ್ಲಿ ಕೂತ್ಕೊ. ಹದಿನಾಲ್ಕು ಬಂದಾಗ ಅಲ್ಲಿಂದ್ಲೇ ಹೊಡಿ. ಮುಂದಿನ ವರ್ಷ ಸ್ಟೂಲು ನಿಂದೇ, ಹೋಗು."

ಮನೆಗೆ ನಡೆದು ಹೋಗುವಾಗ ಅವನು ಮೆಲ್ಲಗೆ ಕೇಳಿದ: "ಇನ್ನೂ ಸಿಟ್ಟಿದೆಯಾ?"

"ತಪ್ಪು ಓದು ಅಂದಿದ್ದಕ್ಕಾ, ನಮ್ಮಮ್ಮನ ನಡಿಗೆಗಾ? ಯಾವುದಕ್ಕೆ ಅಂತ ಕೇಳಿ. ಎರಡಕ್ಕೂ ಇದೆ." ಅವನ ಜೊತೆ ಅವಳು ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ಅಂಗಡಿಗೆ ರಜೆ ಹಾಕಿದಳು, ಬಸ್ಸಿನಲ್ಲಿ ಕಡ್ಡಿಯ ಪಕ್ಕದಲ್ಲೇ ಕೂತಳು.

ಮುಂದಿನ ಊರಿನ ಸಭಾಂಗಣ ಇನ್ನೂ ದೊಡ್ಡದು. ಡಬ್ಬಣ್ಣ ಮೂರನೆಯ ಸಾಲಿನಲ್ಲಿ ಕೂತ. ಮುಂದಿನ ಸೀಟನ್ನು ಹೆಡ್‌ಮಾಸ್ತರು ಖಾಲಿ ಇಡಿಸಿದ್ದರು, ಅದರ ಬೆನ್ನಿಗೆ ಒಂದು ದಿಂಬನ್ನೂ ಕಟ್ಟಿಸಿ ಮೈಕು ಸಿಕ್ಕಿಸಿದ್ದರು. ಹದಿನಾಲ್ಕನೆಯ ಹಾಡು ಏರಿ ನಿಂತಿತು. ಕಡ್ಡಿ ಕೈ ಎತ್ತಿ ಡಬ್ಬಣ್ಣನನ್ನು ನೋಡಿದ. ಗಾಯಕಿ ನೋಡಿದಳು. ತಂಡವೆಲ್ಲ ನೋಡಿತು. ಅವರೆಲ್ಲರ ಹಿಂದೆ, ಸಣ್ಣ ದೀಪದ ಬೆಳಕಲ್ಲಿ, ಮೂರು ದಿನದ ಬಿಗಿಮುಖ ಹೊತ್ತು ಹೆಂಡತಿ ಅವನನ್ನೇ ದುರುಗುಟ್ಟಿ ನೋಡುತ್ತ ಕೂತಿದ್ದಳು. ಅವಳ ಮಡಿಲಲ್ಲಿ ತೆರೆದ ಪುಟದಲ್ಲಿ ಇದ್ದದ್ದು ಇಷ್ಟೇ: ಇಲ್ಲಿ ಎಣಿಸಬೇಡ. ಇವಳು ನಗುವವರೆಗೂ ಕಾಯಿ. ನಕ್ಕೇ ನಗ್ತಾಳೆ.

ಇಷ್ಟು ವರ್ಷ ಅವನು ಎಲ್ಲೋ ಯಾವುದೋ ಊರಿನಲ್ಲಿ, ಮನಸ್ಸಿನಲ್ಲೇ ಅವಳ ಮುಖ ನೆನೆದುಕೊಂಡು, ಅದು ನಗುವವರೆಗೆ ಕಾದು ಹೊಡೆಯುತ್ತಿದ್ದ. ಅವಳ ನಿಜವಾದ ಮುಖವನ್ನೇ ನೋಡಿಕೊಂಡು ಕಾಯುವುದು ಇದೇ ಮೊದಲು. ಅವನು ಎದ್ದು ನಿಂತು ಪ್ಲಾಸ್ಟರಿನ ಕೈ ಎತ್ತಿ ಹಿಡಿದ. ಐದಾಯಿತು, ಹತ್ತಾಯಿತು. ಹೆಡ್‌ಮಾಸ್ತರು ಬೆವರಿದರು. ಎರಡು ಸಾವಿರ ಜನ ಉಸಿರು ಬಿಗಿಹಿಡಿದು ಒಬ್ಬ ಮನುಷ್ಯನನ್ನು ನೋಡುತ್ತಿದ್ದರು, ಆ ಮನುಷ್ಯ ಕೈ ಮೇಲೆತ್ತಿ, ಹೆಂಡತಿಯನ್ನು ಬಿಟ್ಟು ಬೇರೆ ಯಾರನ್ನೂ ನೋಡದೆ, ಕ್ಷಮೆ ಕೇಳುವ ಮುಖ ಹೊತ್ತು ನಿಂತಿದ್ದ. ಅವಳು ತುಟಿ ಕಚ್ಚಿಕೊಂಡಳು. ಕನ್ನಡಕ ಸರಿಮಾಡಿಕೊಂಡಳು. ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿಯಲು ನೋಡಿದಳು, ಅಷ್ಟರಲ್ಲಿ ತಡೆಯಲಾಗದೆ ನಕ್ಕುಬಿಟ್ಟಳು.

ಡಬ್ಬಣ್ಣ ಹೊಡೆದ.